ಅರ್ಧ ಅಳಿಸಿಹೋದ ರೇಡಿಯೋ ಡಯಲ್: ಸಮ ಅಂತರ ಇಲ್ಲದ ಗೀರುಗಳನ್ನು ಇಂಕ್‌ಸ್ಕೇಪ್‌ನಲ್ಲಿ ಮತ್ತೆ ಬರೆಯೋದು ಹೇಗೆ?

ತೋಟದಮನೆ (ವಿರಾಜಪೇಟೆ)

ಎಲ್ಲರಿಗೂ ನಮಸ್ಕಾರ. ನಮ್ಮ ಐನ್‌ಮನೆಯ (ಮನೆತನದ ಹಳೆ ಮನೆ) ಅಟ್ಟದಲ್ಲಿ ಅಜ್ಜನ ವಾಲ್ವ್ ರೇಡಿಯೋ ಇತ್ತು. ಮರದ ಪೆಟ್ಟಿಗೆ, ಮುಂದೆ ಅರ್ಧಚಂದ್ರದ ಆಕಾರದ ಗಾಜಿನ ಡಯಲ್. ಹೊರಗಿನ ಕಮಾನಿನಲ್ಲಿ ಮೀಡಿಯಂ ವೇವ್, ಒಳಗಿನ ಕಮಾನಿನಲ್ಲಿ ಶಾರ್ಟ್ ವೇವ್. ಮಳೆಗಾಲಕ್ಕೆ ಮುಂಚೆ ಕೆಳಗಿಳಿಸಿ ಸ್ವಚ್ಛ ಮಾಡೋಣ ಅಂತ ಕೂತೆ. ಗಾಜಿನ ಹಿಂಭಾಗದಲ್ಲಿ ಬೂಷ್ಟು ಹಿಡಿದಿತ್ತು. ಒದ್ದೆ ಬಟ್ಟೆಯಲ್ಲಿ ಬಲಗಡೆಯಿಂದ ಒರೆಸಿದೆ. ಬೂಷ್ಟಿನ ಜೊತೆ ಕೆನೆ ಬಣ್ಣದ ಗೀರುಗಳೂ ಬಟ್ಟೆಗೆ ಬಂದುಬಿಟ್ಟವು. ಅಷ್ಟರಲ್ಲಿ ಕೈ ನಿಲ್ಲಿಸಿದೆ. ತುಂಬಾ ಬೇಜಾರಾಯಿತು.

ಈಗ ಉಳಿದಿರೋದು ಇಷ್ಟು. ಮೀಡಿಯಂ ವೇವ್‌ನಲ್ಲಿ ಎಡತುದಿಯ 530ರಿಂದ 900 ಕಿಲೋಹರ್ಟ್ಸ್ ತನಕ ಗೀರು, ಅಂಕಿ ಎರಡೂ ಇವೆ. 1000ದಿಂದ 1600ರ ತನಕ ಏನೂ ಇಲ್ಲ. ಶಾರ್ಟ್ ವೇವ್ ಕಮಾನು 6ರಿಂದ 18 ಮೆಗಾಹರ್ಟ್ಸ್ ತನಕ ಪೂರ್ತಿ ಉಳಿದಿದೆ.

ಇಂಕ್‌ಸ್ಕೇಪ್ ಅನ್ನೋ ಚಿತ್ರ ಬರೆಯುವ ಸಾಫ್ಟ್‌ವೇರ್‌ನಲ್ಲಿ ಬರೆಯಲು ಪ್ರಯತ್ನಿಸಿದೆ. ಟೈಲ್ಡ್ ಕ್ಲೋನ್ (ಒಂದೇ ಗೀರನ್ನು ಸಾಲಾಗಿ ನಕಲು ಮಾಡುವ ಸೌಲಭ್ಯ) ಬಳಸಿದರೆ ಗೀರುಗಳು ಗಡಿಯಾರದ ಹಾಗೆ ಸಮ ಅಂತರದಲ್ಲಿ ಬರುತ್ತವೆ. ಆದರೆ ಉಳಿದ ಗೀರುಗಳನ್ನು ನೋಡಿದರೆ ಎಡಗಡೆ ಅಗಲವಾಗಿವೆ, ಬಲಕ್ಕೆ ಹೋದ ಹಾಗೆ ಹತ್ತಿರ ಹತ್ತಿರ ಆಗುತ್ತವೆ. ಇದಕ್ಕೆ ಯಾವ ಟೂಲ್ ಇದೆ? ಅಳಿಸಿಹೋದ ಭಾಗವನ್ನು ಅಂದಾಜಿನಲ್ಲಿ ಬರೆಯಲು ಮನಸ್ಸಿಲ್ಲ. ಮುಳ್ಳು 1200 ತೋರಿಸಿದರೆ ರೇಡಿಯೋ 1200ರಲ್ಲೇ ಇರಬೇಕು.

ಗೆರೆ_ಬಣ್ಣ (ಮಡಿಕೇರಿ)

ನಾನು ವೃತ್ತಿಯಿಂದ ಡಿಸೈನ್ ಕೆಲಸ ಮಾಡುವವಳು, ರೇಡಿಯೋ ಗೊತ್ತಿಲ್ಲ. ಗೆರೆಯ ವಿಷಯ ಹೇಳ್ತೀನಿ.

ಸಮ ಇಲ್ಲದ ಅಂತರಕ್ಕೆ ಅಂತ ಬೇರೆ ಟೂಲ್ ಬೇಕಾಗಿಲ್ಲ. ಪ್ರತಿ ಗೀರಿಗೂ ಅದರದ್ದೇ ಕೋನ ಗೊತ್ತಿದ್ದರೆ ಸಾಕು. ಹಾಗಾಗಿ ಮೊದಲ ಕೆಲಸ ಅಳತೆ, ಬರೆಯೋದು ಆಮೇಲೆ.

ಫೋನ್ ಫೋಟೋ ನಂಬಬೇಡಿ. ಹತ್ತಿರದಿಂದ ತೆಗೆದರೆ ಅಂಚುಗಳು ಬಾಗುತ್ತವೆ, ಫೋನ್ ಸ್ವಲ್ಪ ಓರೆಯಾದರೂ ಒಂದು ಕಡೆಯ ಕೋನ ಹಿಗ್ಗಿ ಇನ್ನೊಂದು ಕಡೆಯದ್ದು ಕುಗ್ಗುತ್ತದೆ. ಗಾಜು ಚಪ್ಪಟೆ ತಾನೇ? ಫ್ಲಾಟ್‌ಬೆಡ್ ಸ್ಕ್ಯಾನರ್ ಮೇಲೆ ಇಟ್ಟು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಪಕ್ಕದಲ್ಲಿ ಒಂದು ಸ್ಟೀಲ್ ಸ್ಕೇಲ್ ಇಡಿ, ಆಮೇಲೆ ಗಾತ್ರ ತಾಳೆ ನೋಡಲು ಬೇಕು. ಈಗಿನ ತೆಳು ಸ್ಕ್ಯಾನರ್‌ಗಳಿಗೆ ಗಾಜಿಗೆ ತಾಗಿದ್ದು ಮಾತ್ರ ಸ್ಪಷ್ಟ. ನಿಮ್ಮ ಬಣ್ಣ ಗಾಜಿನ ಹಿಂಭಾಗದಲ್ಲಿದೆ, ಹಾಗಾಗಿ ಬಣ್ಣದ ಬದಿಯನ್ನೇ ಕೆಳಗೆ ಇಡಬೇಕು. ನಿಧಾನವಾಗಿ ಇಡಿ, ಜಾರಿಸಬೇಡಿ. ಚಿತ್ರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿ ಬರುತ್ತದೆ. ಇಂಕ್‌ಸ್ಕೇಪ್‌ನಲ್ಲಿ ಎಚ್ ಕೀಲಿ ಒತ್ತಿದರೆ ಸರಿಯಾಗುತ್ತದೆ.

ಮುಂದಿನದ್ದು ಕೇಂದ್ರ. ಇದು ತಪ್ಪಿದರೆ ಎಲ್ಲ ಕೋನವೂ ತಪ್ಪು. ಕಮಾನಿನ ಮೇಲೆ ದೂರ ದೂರ ಮೂರು ಜಾಗ ಆರಿಸಿ, ಪೆನ್ ಟೂಲ್‌ನಲ್ಲಿ ಆ ಮೂರು ಬಿಂದುಗಳ ತ್ರಿಕೋನ ಬರೆಯಿರಿ. ಎಕ್ಸ್‌ಟೆನ್ಶನ್ ಮೆನುವಿನ ರೆಂಡರ್‌ನಲ್ಲಿ ಡ್ರಾ ಫ್ರಮ್ ಟ್ರಯಾಂಗಲ್ ಅಂತ ಇದೆ. ಅದರಲ್ಲಿ ಸರ್ಕಮ್‌ಸರ್ಕಲ್ ಆರಿಸಿದರೆ ಮೂರೂ ಬಿಂದು ಹಾದು ಹೋಗುವ ವೃತ್ತ ಬರುತ್ತದೆ. ಅದರ ನಡುವೇ ನಿಮ್ಮ ಕೇಂದ್ರ. ಅಲ್ಲಿಂದ ಎಂ ಕೀಲಿಯ ಅಳತೆ ಟೂಲ್ ಎಳೆದು ಪ್ರತಿ ಗೀರಿನ ಕೋನ ಓದಿಕೊಳ್ಳಿ.

ವಾಲ್ವ್_ರಿಪೇರಿ (ಕುಶಾಲನಗರ)

ಅಳತೆಗೆ ಮುಂಚೆ ಒಂದು ಮಾತು. ತೋಟದಮನೆಯವರೇ, ವರ್ಷಗಟ್ಟಲೆ ಅಟ್ಟದಲ್ಲಿದ್ದ ಸೆಟ್ಟನ್ನು ನೇರ ಪ್ಲಗ್‌ಗೆ ಹಾಕಬೇಡಿ. ಹಳೆ ಕಂಡೆನ್ಸರ್‌ಗಳು ಒಳಗೇ ಶಾರ್ಟ್ ಆಗಿರಬಹುದು. ಸೀರೀಸ್ ಬಲ್ಬ್ (ಕರೆಂಟ್ ಬರುವ ದಾರಿಯಲ್ಲೇ ಸೇರಿಸಿ, ಶಾರ್ಟ್ ಇದ್ದರೆ ಕರೆಂಟ್ ತಡೆಯುವ ಬಲ್ಬ್) ಹಾಕಿಯೇ ಮೊದಲ ಸಲ ಕರೆಂಟ್ ಕೊಡಿ. ಟ್ರಾನ್ಸ್‌ಫಾರ್ಮರ್ ಇಲ್ಲದ ಸೆಟ್ಟಾಗಿದ್ದರೆ ಚಾಸಿಗೇ (ಒಳಗಿನ ಲೋಹದ ಚೌಕಟ್ಟಿಗೇ) ಕರೆಂಟ್ ಬರಬಹುದು, ಕೈ ಇಡಬಾರದು. ಗುಡುಗು ಇದ್ದ ದಿನ ಏರಿಯಲ್ ಕಳಚಿಡಿ. ನಮ್ಮ ಕಡೆಯ ಮೇ ತಿಂಗಳ ಸಿಡಿಲು ನಿಮಗೂ ಗೊತ್ತಲ್ವಾ.

ಇನ್ನು ಗೀರು ಯಾಕೆ ಸಮ ಇಲ್ಲ ಅನ್ನೋದು. ಟ್ಯೂನಿಂಗ್ ಗುಬ್ಬಿ (ನಾಬ್) ತಿರುಗಿಸಿದಾಗ ಒಳಗೆ ಗ್ಯಾಂಗ್ ಕಂಡೆನ್ಸರ್ ತಿರುಗುತ್ತದೆ. ಅರ್ಧಚಂದ್ರದ ಹಾಗಿರುವ ಅಲ್ಯೂಮಿನಿಯಂ ತಗಡುಗಳು ನಿಂತ ತಗಡುಗಳ ಸಂದಿಗೆ ಹೋಗಿ ಬಂದು ಮಾಡುತ್ತವೆ. ಪೂರ್ತಿ ಒಳಗೆ ಹೋದಾಗ ಕೆಪಾಸಿಟಿ (ವಿದ್ಯುತ್ ಹಿಡಿದಿಡುವ ಶಕ್ತಿ) ಜಾಸ್ತಿ, ಫ್ರೀಕ್ವೆನ್ಸಿ ಕಡಿಮೆ. ಹೊರಗೆ ಬಂದಾಗ ಉಲ್ಟಾ. ಆದರೆ ಫ್ರೀಕ್ವೆನ್ಸಿ ಬದಲಾಗೋದು ಕೆಪಾಸಿಟಿಯ ವರ್ಗಮೂಲಕ್ಕೆ ವಿರುದ್ಧವಾಗಿ. 530ರಿಂದ 1600 ಅಂದರೆ ಫ್ರೀಕ್ವೆನ್ಸಿ ಮೂರು ಪಟ್ಟು. ಅಷ್ಟಾಗಲು ಕೆಪಾಸಿಟಿ ಒಂಬತ್ತು ಪಟ್ಟು ಬದಲಾಗಬೇಕು.

ತಗಡು ನಿಜವಾದ ಅರ್ಧವೃತ್ತ ಆಗಿದ್ದರೆ ಎಷ್ಟು ಡಿಗ್ರಿ ತಿರುಗಿಸಿದರೆ ಅಷ್ಟೇ ಲೆಕ್ಕದಲ್ಲಿ ಕೆಪಾಸಿಟಿ ಬದಲಾಗುತ್ತದೆ. ಆಗ 530ರಿಂದ 1000ದ ತನಕವೇ ಡಯಲ್‌ನ ನೂರಕ್ಕೆ 81 ಭಾಗ ಹೋಗಿಬಿಡುತ್ತದೆ. 1000ದಿಂದ 1600ರ ತನಕದ್ದೆಲ್ಲ ಉಳಿದ 19 ಭಾಗದಲ್ಲಿ ಇಕ್ಕಟ್ಟಾಗಿ ಕೂರಬೇಕು. ಸ್ಟೇಷನ್ ಹಿಡಿಯೋದೇ ಕಷ್ಟ. ಅದಕ್ಕೇ ತಗಡಿನ ಅಂಚನ್ನು ಬೇರೆ ಬೇರೆ ಆಕಾರದಲ್ಲಿ ಕತ್ತರಿಸಿ, ಇಕ್ಕಟ್ಟು ಕಡಿಮೆ ಮಾಡುತ್ತಿದ್ದರು. ಯಾವ ಕಂಪನಿ ಎಷ್ಟು ಕಡಿಮೆ ಮಾಡಿತ್ತು ಅನ್ನೋದು ಆಯಾ ಗ್ಯಾಂಗ್ ನೋಡಿದರೆ ಗೊತ್ತಾಗುತ್ತದೆ.

ಹಾಗಾಗಿ ನಿಮ್ಮ ಡಯಲ್‌ನ ಗೀರು ಅಂದರೆ ನಿಮ್ಮ ಗ್ಯಾಂಗ್‌ನ ತಗಡಿನ ಆಕಾರ. ಬೇರೆ ಸೆಟ್‌ನ ಡಯಲ್ ನೋಡಿ ಬರೆದರೆ ಹೊಂದುವುದಿಲ್ಲ.

ಹೊಸಬ (ನಾಪೋಕ್ಲು)

ಒಂದು ಸಂದೇಹ. ದೊಡ್ಡ ಗೀರುಗಳು ಸಿಕ್ಕಿದ ಮೇಲೆ ನಡುವಿನ ಚಿಕ್ಕ ಗೀರುಗಳನ್ನು ಸಮ ಭಾಗ ಮಾಡಿದರೆ ಸಾಕಲ್ವಾ? 600ರಿಂದ 700ರ ನಡುವೆ ಐದು ಭಾಗ. ಯಾರಿಗೆ ಗೊತ್ತಾಗುತ್ತೆ?

ಗೆರೆ_ಬಣ್ಣ (ಮಡಿಕೇರಿ)

ಕಣ್ಣಿಗೆ ಗೊತ್ತಾಗುತ್ತದೆ ತಮ್ಮಾ. 600ರಿಂದ 700ರ ತನಕ ಒಂದೇ ಅಂತರ, 700 ದಾಟಿದ ಕೂಡಲೇ ಇನ್ನೊಂದು ಅಂತರ ಅಂದರೆ ಪ್ರತಿ ದೊಡ್ಡ ಗೀರಿನ ಹತ್ತಿರ ಮೆಟ್ಟಿಲು ಇಳಿದ ಹಾಗೆ ಕಾಣುತ್ತದೆ. ಹಳೆ ಡಯಲ್‌ಗಳ ಚಂದ ಇರೋದೇ ಆ ಅಂತರ ನಿಧಾನವಾಗಿ, ತಡೆಯಿಲ್ಲದೆ ಕಿರಿದಾಗುವುದರಲ್ಲಿ. ಚಿಕ್ಕ ಗೀರಿಗೂ ಅದರದ್ದೇ ಕೋನ ಲೆಕ್ಕ ಹಾಕಬೇಕು.

ತೋಟದಮನೆ (ವಿರಾಜಪೇಟೆ)

ಸ್ಕ್ಯಾನರ್ ಇನ್ನೂ ಸಿಕ್ಕಿಲ್ಲ. ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ನಾಳೆ ಬನ್ನಿ ಅಂದರು. ಕಾಯಲಾಗದೆ ಫೋಟೋದಿಂದಲೇ ಅಳೆದೆ. ಎಡತುದಿಯ 530 ಅನ್ನು ಸೊನ್ನೆ ಡಿಗ್ರಿ ಅಂತ ಇಟ್ಟುಕೊಂಡಿದ್ದೇನೆ. 600 ಬಂದಿದ್ದು 23.8ರಲ್ಲಿ. 700 ಅಂದರೆ 51.5. 800 ಅಂದರೆ 75.5. 900 ಅಂದರೆ 93.1. ಬಲತುದಿ 180.

ಗಣಿತ_ಮೇಷ್ಟ್ರು (ಸೋಮವಾರಪೇಟೆ)

ಇದನ್ನು ಓದಿ ತುಂಬಾ ಖುಷಿಯಾಯಿತು. ಶಾಲೆಯಲ್ಲಿ ವರ್ಗಮೂಲ ಕಲಿಸುವಾಗ ಇದು ಯಾವುದಕ್ಕೆ ಸರ್ ಅಂತ ಮಕ್ಕಳು ಕೇಳುತ್ತಾರೆ. ಇನ್ನು ಮೇಲೆ ಈ ಗಾಜನ್ನು ತೋರಿಸುತ್ತೇನೆ.

ಅಳತೆ ಬರೆದುಕೊಂಡ ಮೇಲೆ ಪಕ್ಕದಲ್ಲಿ ಇನ್ನೊಂದು ಕಾಲಂ ಮಾಡಿ. 10 ಕಿಲೋಹರ್ಟ್ಸ್‌ಗೆ ಎಷ್ಟು ಡಿಗ್ರಿ ಅಂತ. ನಿಮ್ಮ ಲೆಕ್ಕದಲ್ಲಿ 530ರಿಂದ 600ರ ತನಕ 3.4 ಬರುತ್ತದೆ, 600ರಿಂದ 700ಕ್ಕೆ 2.77, 700ರಿಂದ 800ಕ್ಕೆ 2.4, 800ರಿಂದ 900ಕ್ಕೆ 1.76. ಈಗ ಎಷ್ಟೆಷ್ಟು ಇಳಿಯಿತು ನೋಡಿ. ಮೊದಲು 0.63 ಇಳಿಯಿತು, ಆಮೇಲೆ 0.37, ಆಮೇಲೆ ಮತ್ತೆ 0.64. ಇಳಿತ ಕಡಿಮೆಯಾಗುತ್ತಾ ಹೋಗಬೇಕಿತ್ತು, ಮಧ್ಯದಲ್ಲಿ ಮುಗ್ಗರಿಸಿದೆ. ತಗಡಿನ ಅಂಚು ನುಣುಪಾದ ತಿರುವು, ಅದರಲ್ಲಿ ಇಂಥ ಮುಗ್ಗರಿಕೆ ಬರಲಾರದು. ನನ್ನ ಪ್ರಕಾರ 800ರ ಅಳತೆ ತಪ್ಪಿದೆ. ಅದು 74ರ ಹತ್ತಿರ ಇರಬೇಕು.

ಹೊಸಬ (ನಾಪೋಕ್ಲು)

ಮೇಷ್ಟ್ರೇ, ಗಾಜಿನ ಮೇಲೇ ಆ ಗೀರು ತಪ್ಪು ಜಾಗದಲ್ಲಿ ಅಚ್ಚಾಗಿದ್ದರೆ? ಅಥವಾ ಗ್ಯಾಂಗ್‌ನ ತಗಡು ಬಗ್ಗಿದ್ದರೆ? ಹೊರಗಿನ ತಗಡಿನಲ್ಲಿ ಸೀಳು ಕೊಟ್ಟಿರೋದು ನಾನು ನೋಡಿದ್ದೇನೆ.

ವಾಲ್ವ್_ರಿಪೇರಿ (ಕುಶಾಲನಗರ)

ಒಳ್ಳೆ ಪ್ರಶ್ನೆ. ಆ ಸೀಳುಗಳು ಫ್ಯಾಕ್ಟರಿಯಲ್ಲಿ ಅಲೈನ್‌ಮೆಂಟ್ ಮಾಡುವಾಗ ತಗಡಿನ ತುಂಡನ್ನು ಸ್ವಲ್ಪ ಒಳಗೆ ಹೊರಗೆ ಬಗ್ಗಿಸಲಿಕ್ಕೆ. ಒಂದೊಂದು ಸೀಳು ಡಯಲ್‌ನ ಒಂದೊಂದು ಭಾಗದಲ್ಲಿ ಮಾತ್ರ ಕೆಲಸ ಮಾಡುತ್ತದೆ. ಆದರೆ ಅದು ಪ್ರತಿ ಸೆಟ್‌ಗೆ ಬೇರೆ ಬೇರೆ. ಗಾಜು ಮಾತ್ರ ಆ ಮಾಡೆಲ್‌ನ ಎಲ್ಲ ಸೆಟ್‌ಗೂ ಒಂದೇ ಅಚ್ಚಿನಲ್ಲಿ ಆದದ್ದು. ಅಂದರೆ ತಗಡು ಬಗ್ಗಿಸಿ ಸೆಟ್ಟನ್ನು ಗಾಜಿಗೆ ಹೊಂದಿಸುತ್ತಿದ್ದರು. ತಗಡಿನ ಬಾಗು ಗಾಜಿನ ಮೇಲೆ ಬರಲು ದಾರಿಯೇ ಇಲ್ಲ.

ತೋಟದಮನೆ (ವಿರಾಜಪೇಟೆ)

ಸ್ಕ್ಯಾನ್ ಆಯಿತು. ಅಂಗಡಿಯವರು ಮೆಶಿನ್ ಗಾಜಿನ ಮೇಲೆ ಒಂದು ತೆಳು ಪ್ಲಾಸ್ಟಿಕ್ ಹಾಳೆ ಹಾಸಿ ಇಟ್ಟರು, ಬಣ್ಣ ಇನ್ನಷ್ಟು ಹೋಗಲಿಲ್ಲ. ಅಕ್ಕ ಹೇಳಿದ ಹಾಗೆ ಮೂರು ಬಿಂದುವಿನ ವೃತ್ತ ಹಾಕಿ ಕೇಂದ್ರ ಹಿಡಿದೆ. ತ್ರಿಜ್ಯ 70 ಮಿಲಿಮೀಟರ್.

800 ಈಗ 74.0. ಮೇಷ್ಟ್ರು ನೋಡದೇ ಹೇಳಿದ್ದು ಸರಿಯಾಗಿತ್ತು. ಫೋಟೋದಲ್ಲಿ ಆ ಜಾಗದಲ್ಲಿ ಬಲ್ಬಿನ ಹೊಳಪು ಬಿದ್ದಿತ್ತು, ಗೀರಿನ ಬದಲು ಹೊಳಪಿನ ಅಂಚನ್ನು ಹಿಡಿದಿದ್ದೆ. ಉಳಿದವು ಹಾಗೇ ಇವೆ. ಕಾಲಂ ಈಗ 3.4, 2.77, 2.25, 1.91 ಅಂತ ಇಳಿಯುತ್ತದೆ.

ಈಗ ಕಷ್ಟದ ಭಾಗ. 900ರಿಂದ ಮುಂದೆ ಇದೇ ಇಳಿತವನ್ನು ಎಳೆದುಕೊಂಡು ಹೋಗಬಹುದಾ?

ಗಣಿತ_ಮೇಷ್ಟ್ರು (ಸೋಮವಾರಪೇಟೆ)

ಬೇಡ. 93 ಡಿಗ್ರಿ ಗೊತ್ತಿದ್ದು ಇನ್ನು 87 ಡಿಗ್ರಿ ಊಹೆ ಮಾಡೋದು ಅಂದರೆ ಅರ್ಧ ದಾರಿ ಕಣ್ಣು ಮುಚ್ಚಿ ನಡೆದ ಹಾಗೆ. ಶುರುವಿನಲ್ಲಿ ಸಣ್ಣ ತಪ್ಪಾದರೂ ಕೊನೆಗೆ ದೊಡ್ಡದಾಗುತ್ತದೆ. ನಿಮ್ಮ ಹತ್ತಿರ ಇದಕ್ಕಿಂತ ಒಳ್ಳೆಯದಿದೆ: ಶಾರ್ಟ್ ವೇವ್ ಕಮಾನು ಪೂರ್ತಿ ಉಳಿದಿದೆ ಅಂದಿರಲ್ಲ.

ಎರಡೂ ಬ್ಯಾಂಡ್‌ಗೆ ತಿರುಗೋದು ಅದೇ ಗ್ಯಾಂಗ್. ಬ್ಯಾಂಡ್ ಬದಲಿಸಿದಾಗ ಕಾಯಿಲ್ ಬದಲಾಗುತ್ತದೆ, ತಗಡು ಬದಲಾಗುವುದಿಲ್ಲ. ಹಾಗಾಗಿ ತಗಡಿನ ಆಕಾರದ ಗುಟ್ಟು ಶಾರ್ಟ್ ವೇವ್ ಕಮಾನಿನಲ್ಲಿ ಸೊನ್ನೆಯಿಂದ 180ರ ತನಕ ಪೂರ್ತಿ ಬರೆದಿದೆ. ಅದನ್ನು ಮೀಡಿಯಂ ವೇವ್‌ಗೆ ತರ್ಜುಮೆ ಮಾಡಿದರಾಯಿತು.

ಹೀಗೆ ಮಾಡಿ. ಶಾರ್ಟ್ ವೇವ್ ಗೀರುಗಳ ಕೋನವನ್ನೂ ಅಳೆಯಿರಿ. ಪ್ರತಿ ಫ್ರೀಕ್ವೆನ್ಸಿಯನ್ನು ಅದರಿಂದಲೇ ಗುಣಿಸಿ, ಬಂದದ್ದರಿಂದ 1 ಅನ್ನು ಭಾಗಿಸಿ. ಅದು ಕೆಪಾಸಿಟಿಯ ಜೊತೆ ನೇರವಾಗಿ ಏರಿಳಿಯುವ ಸಂಖ್ಯೆ. ಮೀಡಿಯಂ ವೇವ್‌ನ ಉಳಿದ ಗೀರುಗಳಿಗೂ ಹಾಗೇ ಮಾಡಿ. ಈಗ ಒಂದೇ ಕೋನದಲ್ಲಿ ಸಿಗುವ ಎರಡು ಸಂಖ್ಯೆಗಳನ್ನು ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ ಒಂದು, ಉದ್ದಕ್ಕೆ ಒಂದು ಅಂತ ಗುರುತು ಹಾಕಿ. ನೇರ ಗೆರೆ ಬರಬೇಕು. ಬಂದರೆ ಆ ಗೆರೆಯ ಮೇಲೆ ಅಳಿಸಿಹೋದ ಭಾಗವೂ ಇದೆ. ಇಲ್ಲಿ ನೀವು ಮುಂದಕ್ಕೆ ಊಹೆ ಮಾಡುತ್ತಿರೋದು ಒಂದು ನೇರ ಗೆರೆ ಮಾತ್ರ. ಬಾಗಿದ ಗೆರೆಯನ್ನು ಊಹಿಸೋದಕ್ಕೂ ಇದಕ್ಕೂ ತುಂಬಾ ವ್ಯತ್ಯಾಸ ಇದೆ.

ವಾಲ್ವ್_ರಿಪೇರಿ (ಕುಶಾಲನಗರ)

ಮೇಷ್ಟ್ರೇ, ಉಪಾಯ ಬಹಳ ಚೆನ್ನಾಗಿದೆ. ಇಷ್ಟು ವರ್ಷ ಸೆಟ್ ಬಿಚ್ಚಿದರೂ ನನಗೆ ಹೊಳೆದಿರಲಿಲ್ಲ. ಆದರೆ ಒಂದು ತೊಡಕು ಇದೆ, ಹೇಳಲೇಬೇಕು.

ಮುಳ್ಳು ಎಲ್ಲಿ ನಿಂತಾಗ ಯಾವ ಸ್ಟೇಷನ್ ಕೇಳಬೇಕು ಅನ್ನೋದನ್ನು ನಿರ್ಧರಿಸೋದು ಆಸಿಲೇಟರ್ ಸೆಕ್ಷನ್, ಅಂದರೆ ಸೆಟ್ ಒಳಗೇ ಅಲೆ ಹುಟ್ಟಿಸುವ ಭಾಗ. ಅದು ಸ್ಟೇಷನ್‌ಗಿಂತ ಐಎಫ್‌ನಷ್ಟು (ಇಂಟರ್‌ಮೀಡಿಯೆಟ್ ಫ್ರೀಕ್ವೆನ್ಸಿ, ಸೆಟ್ ಒಳಗಿನ ಒಂದು ಸ್ಥಿರ ಫ್ರೀಕ್ವೆನ್ಸಿ) ಮೇಲೆ ಓಡುತ್ತದೆ. ಐಎಫ್ 455 ಅಂತ ಇಟ್ಟುಕೊಂಡರೆ 530ಕ್ಕೆ 985, 1600ಕ್ಕೆ 2055. ಅಂದರೆ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಸ್ಟೇಷನ್‌ನ ಅಲೆ ಆರಿಸುವ ಏರಿಯಲ್ ಸೆಕ್ಷನ್ ಮೂರು ಪಟ್ಟು ಓಡಬೇಕು, ಇದು ಎರಡು ಪಟ್ಟು. ಇಬ್ಬರನ್ನೂ ಒಂದೇ ಗ್ಯಾಂಗ್‌ನಲ್ಲಿ ಜೊತೆಗೆ ಓಡಿಸಲು ಆಸಿಲೇಟರ್‌ಗೆ ಪ್ಯಾಡರ್ ಅಂತ ಒಂದು ಕಂಡೆನ್ಸರ್ ಸೀರೀಸ್‌ನಲ್ಲಿ ಹಾಕುತ್ತಾರೆ. ಹಾಕಿದರೂ ಇಬ್ಬರೂ ಸರಿಯಾಗಿ ಜೊತೆಯಾಗೋದು ಮೂರು ಜಾಗದಲ್ಲಿ ಮಾತ್ರ, ಸಾಮಾನ್ಯವಾಗಿ 600, 1000, 1400ರ ಆಸುಪಾಸು. ನಡುವೆ ಸ್ವಲ್ಪ ಆಚೀಚೆ ಇರುತ್ತದೆ. ನಿಮ್ಮ ನೇರ ಗೆರೆ ಏರಿಯಲ್ ಸೆಕ್ಷನ್‌ಗೆ ಸರಿ. ಆಸಿಲೇಟರ್‌ಗೆ ಹತ್ತಿರ ಹತ್ತಿರ ಸರಿ.

ಅದಕ್ಕೆ ಲೆಕ್ಕ ಮಾಡಿ, ಆಮೇಲೆ ಸೆಟ್ಟನ್ನೇ ಕೇಳಿ. ಸಿಗ್ನಲ್ ಜನರೇಟರ್ ಇದ್ದರೆ ಸುಲಭ. ಇಲ್ಲದಿದ್ದರೂ ದಾರಿ ಇದೆ. ಅಂಕಿ ತೋರಿಸುವ ಹಳೆ ಪಾಕೆಟ್ ರೇಡಿಯೋ ಒಂದನ್ನು ಪಕ್ಕದಲ್ಲಿಡಿ. ಅದರ ಆಸಿಲೇಟರ್ ಕೂಡ ಸಣ್ಣಗೆ ಅಲೆ ಬಿಡುತ್ತದೆ. ಐಎಫ್ 455 ಆಗಿದ್ದರೆ, ಅದನ್ನು 549ಕ್ಕೆ ಇಟ್ಟಾಗ 1004ರಲ್ಲಿ ಅಲೆ ಬರುತ್ತದೆ. 747ಕ್ಕೆ ಇಟ್ಟರೆ 1202. 945ಕ್ಕೆ ಇಟ್ಟರೆ ಸರಿಯಾಗಿ 1400. 1143ಕ್ಕೆ ಇಟ್ಟರೆ 1598. ವಾಲ್ವ್ ಸೆಟ್‌ನ ಮುಳ್ಳು ಅಲ್ಲಿಗೆ ಬಂದಾಗ ಗೊರಗೊರ ಸದ್ದು ಒಮ್ಮೆಗೇ ತಣ್ಣಗಾಗುತ್ತದೆ. ಪಾಕೆಟ್ ರೇಡಿಯೋ ಆಫ್ ಮಾಡಿದರೆ ಸದ್ದು ವಾಪಸ್ ಬರುತ್ತದೆ. ಹಾಗೆ ಖಚಿತ ಮಾಡಿಕೊಳ್ಳಿ. ಐಎಫ್ 450 ಇರುವ ರೇಡಿಯೋಗಳೂ ಇವೆ, ಗೊತ್ತಿರುವ ಸ್ಟೇಷನ್ ಹಿಡಿದು ಮೊದಲು ತಾಳೆ ನೋಡಿ. ಈಗಿನ ಒಂದೇ ಚಿಪ್‌ನ ರೇಡಿಯೋಗಳಲ್ಲಿ ಈ ಉಪಾಯ ನಡೆಯುವುದಿಲ್ಲ.

ತೋಟದಮನೆ (ವಿರಾಜಪೇಟೆ)

ನಾಲ್ಕು ದಿನ ಉತ್ತರ ಕೊಡಲಾಗಲಿಲ್ಲ. ಗಾಳಿಗೆ ಮರ ಬಿದ್ದು ಎರಡು ದಿನ ಕರೆಂಟ್ ಇರಲಿಲ್ಲ. ಆದರೆ ಗ್ರಾಫ್ ಹಾಳೆಗೆ ಕರೆಂಟ್ ಬೇಡವಲ್ಲ. ದೀಪದ ಬೆಳಕಿನಲ್ಲಿ ಅಮ್ಮ ಅಂಕಿ ಓದಿದರು, ನಾನು ಗುರುತು ಹಾಕಿದೆ.

ನೇರ ಗೆರೆ ಬಂತು! 600, 700, 800, 900 ನಾಲ್ಕೂ ಪೆನ್ಸಿಲ್ ಗೆರೆಯ ಮೇಲೇ ಕೂತವು. ಅದಲ್ಲದೆ ಆ ಗೆರೆ ಬಹುಮಟ್ಟಿಗೆ ಸೊನ್ನೆಯಿಂದಲೇ ಹೊರಡುತ್ತದೆ. ಅಂದರೆ ನನ್ನ ಸೆಟ್‌ನಲ್ಲಿ ಶಾರ್ಟ್ ವೇವ್ ಮೆಗಾವನ್ನು ಸುಮಾರು 88.5ರಿಂದ ಗುಣಿಸಿದರೆ ಅದೇ ಕೋನದ ಮೀಡಿಯಂ ವೇವ್ ಸಿಗುತ್ತದೆ. ಒಳಗಿನ 9ರ ನೇರಕ್ಕೆ ಹೊರಗೆ 796. ಒಳಗಿನ 12 ಇರೋದು 119 ಡಿಗ್ರಿಯಲ್ಲಿ, ಅಲ್ಲಿ ಹೊರಗೆ 1062 ಆಗಬೇಕು. 15 ಇರೋದು 153ರಲ್ಲಿ, ಅಲ್ಲಿ 1330ರ ಹತ್ತಿರ.

ಇದರಿಂದ ಇಡೀ ಸಂಖ್ಯೆಗಳ ಜಾಗ ತೆಗೆದೆ. 1000ಕ್ಕೆ 109.8. 1200ಕ್ಕೆ 137.6. 1400ಕ್ಕೆ 160.5.

ನಿನ್ನೆ ರಾತ್ರಿ ಕರೆಂಟ್ ಬಂತು. ಸೀರೀಸ್ ಬಲ್ಬ್ ಹಾಕಿ, ಪೇಪರ್ ಕಂಡೆನ್ಸರ್‌ಗಳನ್ನು ಬದಲಿಸಿದ್ದ ಸೆಟ್ಟನ್ನು ಹಚ್ಚಿದೆ. ಗಾಜಿನ ಜಾಗದಲ್ಲಿ ಡಿಗ್ರಿ ಗೀರು ಹಾಕಿದ ಬಿಳಿ ಕಾರ್ಡ್ ಇಟ್ಟಿದ್ದೆ. ಚಿಕ್ಕಪ್ಪನ ಹಳೆ ಪಾಕೆಟ್ ರೇಡಿಯೋ ಪಕ್ಕದಲ್ಲಿತ್ತು. 945ಕ್ಕೆ ಇಟ್ಟು ವಾಲ್ವ್ ಸೆಟ್‌ನ ಗುಬ್ಬಿಯನ್ನು ನಿಧಾನವಾಗಿ ತಿರುಗಿಸಿದೆ. ಹೊರಗೆ ಹಂಚಿನ ಮೇಲೆ ಮಳೆ, ಒಳಗೆ ಸ್ಪೀಕರ್‌ನ ಗೊರಗೊರ. ಮುಳ್ಳು 161ಕ್ಕೆ ಬಂದಾಗ ಸ್ಪೀಕರ್ ಸುಮ್ಮನಾಯಿತು. ಪಾಕೆಟ್ ರೇಡಿಯೋ ಆಫ್ ಮಾಡಿದೆ, ಗೊರಗೊರ ಬಂತು. ಆನ್ ಮಾಡಿದೆ, ಹೋಯಿತು. ಅಮ್ಮ ಕೂಡ ಬಂದು ಕೇಳಿದರು.

1004 ಸಿಕ್ಕಿದ್ದು 111ರಲ್ಲಿ. 1202 ಸಿಕ್ಕಿದ್ದು 137.5ರಲ್ಲಿ. ಎಲ್ಲವೂ ಲೆಕ್ಕದಿಂದ ಒಂದು ಡಿಗ್ರಿಯ ಒಳಗೇ ಇವೆ.

ಗಣಿತ_ಮೇಷ್ಟ್ರು (ಸೋಮವಾರಪೇಟೆ)

ಬಹಳ ಸಂತೋಷ. ಒಂದು ಡಿಗ್ರಿ ಅಂದರೆ ನಿಮ್ಮ 70 ಮಿಲಿಮೀಟರ್ ತ್ರಿಜ್ಯದಲ್ಲಿ 1.2 ಮಿಲಿಮೀಟರ್. 1400ರ ಹತ್ತಿರ ಅದು ಸುಮಾರು 10 ಕಿಲೋಹರ್ಟ್ಸ್, 650ರ ಹತ್ತಿರ ಸುಮಾರು ಮೂರೂವರೆ. ಹಾಗಾಗಿ ಬಲಗಡೆ ಅರ್ಧ ಡಿಗ್ರಿಗೂ ಬೆಲೆ ಇದೆ.

ತೋಟದಮನೆ (ವಿರಾಜಪೇಟೆ)

ಹಾಗಾದರೆ ಲೆಕ್ಕದ ಸಂಖ್ಯೆ ಹಾಕಲಾ, ಸೆಟ್ ಹೇಳಿದ ಸಂಖ್ಯೆ ಹಾಕಲಾ? 1400ಕ್ಕೆ 160.5 ಹಾಕಲಾ, 161 ಹಾಕಲಾ?

ವಾಲ್ವ್_ರಿಪೇರಿ (ಕುಶಾಲನಗರ)

ಲೆಕ್ಕದ್ದೇ ಹಾಕಿ. ಅರ್ಧ ಡಿಗ್ರಿಯನ್ನು ಆಸಿಲೇಟರ್ ಟ್ರಿಮ್ಮರ್ (ತಿರುಗಿಸಿ ಹೊಂದಿಸುವ ಸಣ್ಣ ಕಂಡೆನ್ಸರ್) ತಿರುಗಿಸಿ ಸರಿಮಾಡಬಹುದು. ಮೊದಲೇ ಹೇಳಿದೆನಲ್ಲ, ಸೆಟ್ಟನ್ನು ಗಾಜಿಗೆ ಹೊಂದಿಸೋದೇ ಪದ್ಧತಿ. 1400ರಲ್ಲಿ ಟ್ರಿಮ್ಮರ್, 600ರಲ್ಲಿ ಪ್ಯಾಡರ್ ಅಥವಾ ಕಾಯಿಲ್ ಕೋರ್. ಎರಡು ಮೂರು ಸಲ ಅಲ್ಲಿಂದ ಇಲ್ಲಿಗೆ ಓಡಾಡಬೇಕು.

ಗೆರೆ_ಬಣ್ಣ (ಮಡಿಕೇರಿ)

ಈಗ ನನ್ನ ಸರದಿ. 20 ಕಿಲೋಹರ್ಟ್ಸ್‌ಗೆ ಒಂದು ಗೀರು ಅಂದರೂ ಐವತ್ತಕ್ಕಿಂತ ಜಾಸ್ತಿ ಗೀರು. ಕೈಯಲ್ಲಿ ಒಂದೊಂದೇ ತಿರುಗಿಸಬೇಡಿ. ಎಲ್ಲೋ ಒಂದು ಕಡೆ ಅಂಕಿ ತಪ್ಪುತ್ತದೆ, ಹುಡುಕೋದು ಕಷ್ಟ.

ಇಂಕ್‌ಸ್ಕೇಪ್ ಚಿತ್ರ ಉಳಿಸುವ ಎಸ್‌ವಿಜಿ ಫೈಲ್ ಅಂದರೆ ಬರಿ ಅಕ್ಷರದ ಫೈಲ್. ನೋಟ್‌ಪ್ಯಾಡ್‌ನಲ್ಲೂ ತೆರೆಯಬಹುದು. ಒಂದು ಗೀರಿಗೆ ಒಂದು ಸಾಲು. ನೆಟ್ಟಗೆ ನಿಂತ ಒಂದು ಗೀರಿನ ಸಾಲು ಬರೆದು, ಅದರ ಕೊನೆಗೆ ರೊಟೇಟ್ ಅಂತ ಹಾಕಿ ಆವರಣದಲ್ಲಿ ಮೂರು ಸಂಖ್ಯೆ ಕೊಡಬೇಕು. ಮೊದಲು ಕೋನ, ಆಮೇಲೆ ಕೇಂದ್ರ ಎಡದಿಂದ ಎಷ್ಟು ದೂರ, ಮೇಲಿನಿಂದ ಎಷ್ಟು ದೂರ. ಎಲ್ಲ ಸಾಲಿನಲ್ಲೂ ಗೀರು ಒಂದೇ, ಕೋನ ಮಾತ್ರ ಬೇರೆ. ಹಾಗಾಗಿ ಸ್ಪ್ರೆಡ್‌ಶೀಟ್‌ನಲ್ಲಿ ಕೋನದ ಕಾಲಂ ಪಕ್ಕದಲ್ಲಿ ಅಕ್ಷರ ಜೋಡಿಸುವ ಫಾರ್ಮುಲಾ ಹಾಕಿ ಕೆಳಗೆ ಎಳೆದರೆ ಎಲ್ಲ ಸಾಲೂ ತಾನೇ ಬರುತ್ತದೆ. ಕಾಪಿ ಮಾಡಿ ಫೈಲ್‌ಗೆ ಹಾಕಿದರೆ ಮುಗಿಯಿತು.

ಎಸ್‌ವಿಜಿಯಲ್ಲಿ ಮೇಲಿನಿಂದ ಕೆಳಗೆ ಎಣಿಕೆ, ಹಾಗಾಗಿ ಧನ ಕೋನ ಅಂದರೆ ಗಡಿಯಾರದ ಮುಳ್ಳು ತಿರುಗುವ ದಿಕ್ಕು. ನಿಮ್ಮ 530 ಎಡಗಡೆ ಮಲಗಿದೆ, ನೆಟ್ಟಗಿನ ಗೀರು 90 ಡಿಗ್ರಿಯದ್ದು. ಪ್ರತಿ ಕೋನದಿಂದ 90 ಕಳೆಯಿರಿ. ಫೈಲ್‌ನ ಅಗಲವನ್ನು 200 ಮಿಲಿಮೀಟರ್ ಅಂತ ಕೊಟ್ಟು ವ್ಯೂಬಾಕ್ಸ್ (ಆ ಅಗಲವನ್ನು ಎಷ್ಟು ಎಣಿಕೆಯಾಗಿ ಭಾಗಿಸಬೇಕು ಅನ್ನೋದು) ಕೂಡ 200 ಅಂತಲೇ ಕೊಡಿ, ಆಗ ಒಂದು ಎಣಿಕೆ ಅಂದರೆ ಒಂದು ಮಿಲಿಮೀಟರ್. ಇಂಕ್‌ಸ್ಕೇಪ್ 0.92ರಿಂದ ಇಂಚಿಗೆ 96 ಪಿಕ್ಸೆಲ್ ಲೆಕ್ಕ, ಅದಕ್ಕಿಂತ ಹಳೆಯದರಲ್ಲಿ 90. ಹಳೆ ಫೈಲ್ ತೆರೆದಾಗ ಗಾತ್ರ ಬದಲಾಗೋದು ಅದಕ್ಕೇ. ಮಿಲಿಮೀಟರ್‌ನಲ್ಲಿ ಕಟ್ಟಿಹಾಕಿದರೆ ಆ ತಲೆನೋವಿಲ್ಲ.

ಗೀರಿನ ದಪ್ಪ ಎಷ್ಟು ಅಂತ ಸ್ಕ್ಯಾನ್‌ನಲ್ಲಿ ಹಿಗ್ಗಿಸಿ ನೋಡಿ. ನಿಮ್ಮ ಚಿತ್ರದಲ್ಲಿ ದೊಡ್ಡ ಗೀರು 0.6, ಚಿಕ್ಕದು 0.35 ಅಂತ ನನಗೆ ಕಂಡಿತು. ಇನ್ನೊಂದು ವಿಷಯ ಗಮನಿಸಿದಿರಾ? ದೊಡ್ಡ ಗೀರಿನ ಹೊರತುದಿ ಸ್ವಲ್ಪ ದುಂಡಗಿದೆ, ಒಳತುದಿ ಚೌಕ. ಪೆನ್ನಿನಲ್ಲಿ ಒಳಗಿನಿಂದ ಹೊರಗೆ ಎಳೆದ ಕೈ ಅದು. ಅದನ್ನು ಹಾಗೇ ಉಳಿಸಿ.

ಹೊಸಬ (ನಾಪೋಕ್ಲು)

ಖಾಲಿ ಜಾಗದಲ್ಲಿ ಮಡಿಕೇರಿ ಅಂತ ಕನ್ನಡದಲ್ಲಿ ಒಂದು ಗುರುತು ಹಾಕಬಹುದಲ್ವಾ? ಚಂದ ಇರುತ್ತೆ.

ವಾಲ್ವ್_ರಿಪೇರಿ (ಕುಶಾಲನಗರ)

ಆಸೆ ನನಗೂ ಆಗುತ್ತದೆ. ಆದರೆ ಮಡಿಕೇರಿ ಆಕಾಶವಾಣಿ 103.1 ಎಫ್‌ಎಂ. ಈ ಡಯಲ್‌ನಲ್ಲಿ ಅದಕ್ಕೆ ಜಾಗವೇ ಇಲ್ಲ. ಸಿಗದ ಸ್ಟೇಷನ್ ಬರೆಯಬಾರದು.

ಬೆಂಗಳೂರು 612 ಬರೆಯಬಹುದು. ನಾವು ಇಲ್ಲಿ ಕೇಳುತ್ತಿದ್ದವು ಅಂದರೆ ಭದ್ರಾವತಿ 675, ಧಾರವಾಡ 765, ಕೋಝಿಕೋಡ್ 684, ಮಂಗಳೂರು 1089. ಎಲ್ಲವೂ 9ರಿಂದ ಭಾಗವಾಗುತ್ತವೆ ನೋಡಿ. 1975ರಲ್ಲಿ ಜಿನೀವಾದಲ್ಲಿ ಆದ ಒಪ್ಪಂದ 1978ರ ನವೆಂಬರ್‌ನಲ್ಲಿ ಜಾರಿಗೆ ಬಂತು. ಅಲ್ಲಿಂದ ನಮ್ಮ ಭಾಗದ ಮೀಡಿಯಂ ವೇವ್ ಎಲ್ಲ 9ರ ಲೆಕ್ಕಕ್ಕೆ ಸರಿಯಿತು. ಅಜ್ಜನ ಸೆಟ್ ಅದಕ್ಕಿಂತ ಹಳೆಯದಾದರೆ ಗಾಜಿನ ಮೇಲಿನ ಊರಿನ ಹೆಸರು ಈಗಿನ ಜಾಗಕ್ಕೆ ಕೂರಲಿಕ್ಕಿಲ್ಲ. ಹೆಸರು ಇದ್ದಲ್ಲೇ ಬಿಡಿ, ಸರಿಸಬೇಡಿ.

ತೋಟದಮನೆ (ವಿರಾಜಪೇಟೆ)

ಹೊಸ ಹೆಸರು ಹಾಕುವುದಿಲ್ಲ. ಫೈಲ್ ತಯಾರಾಗಿದೆ. ಸ್ಕ್ಯಾನ್ ಚಿತ್ರವನ್ನು ಕೆಳಗಿನ ಲೇಯರ್‌ನಲ್ಲಿಟ್ಟು ಮೇಲೆ ಗೀರುಗಳನ್ನು ಕೆಂಪಿನಲ್ಲಿ ಹಾಕಿ ನೋಡಿದೆ. ಉಳಿದ ಹಳೆ ಗೀರುಗಳ ಮೇಲೆ ಕೆಂಪು ಪೂರ್ತಿ ಮುಚ್ಚಿಕೊಂಡಿತು. ಅಚ್ಚು ಹೇಗೆ ಮಾಡಿಸಲಿ? ಲೇಸರ್ ಪ್ರಿಂಟರ್‌ನಲ್ಲಿ ಕೆನೆ ಬಣ್ಣ ಬರುವುದಿಲ್ಲವಂತೆ.

ಅಚ್ಚುಕೂಟ (ಗೋಣಿಕೊಪ್ಪ)

ಬರುವುದಿಲ್ಲ. ಸಾಮಾನ್ಯ ಲೇಸರ್‌ನಲ್ಲಿ ಬಿಳಿ ಟೋನರ್ (ಬಣ್ಣದ ಪುಡಿ) ಇರುವುದಿಲ್ಲ. ಪಾರದರ್ಶಕ ಹಾಳೆಯ ಮೇಲೆ ತಿಳಿ ಬಣ್ಣ ಹಾಕಿದರೆ ಹಿಂದಿನ ಬಲ್ಬ್ ಹಚ್ಚಿದಾಗ ಕಾಣುವುದೇ ಇಲ್ಲ.

ಸ್ಕ್ರೀನ್ ಪ್ರಿಂಟಿಂಗ್ ಮಾಡಿಸಿ. ಮದುವೆ ಕಾರ್ಡ್ ಮಾಡುವವರ ಹತ್ತಿರ ಚೌಕಟ್ಟು, ಬಟ್ಟೆ ಎಲ್ಲ ಇರುತ್ತದೆ. ನೀವು ಕೊಡಬೇಕಾದ್ದು ಕಪ್ಪು ಗೀರಿನ ಫಿಲ್ಮ್ ಪಾಸಿಟಿವ್, ಅಂದರೆ ಪಾರದರ್ಶಕ ಹಾಳೆಯ ಮೇಲೆ ಕಪ್ಪು ಚಿತ್ರ. ಬಣ್ಣ ಗಾಜಿನ ಹಿಂಭಾಗಕ್ಕೆ ಹೋಗೋದರಿಂದ ತಿರುಗುಮುರುಗಾಗಿ ಬರಬೇಕು. ಯಾವ ಬದಿ ಓದಬೇಕು ಅಂತ ಫಿಲ್ಮ್ ಮೇಲೆ ಬರೆದು ಕೊಡಿ, ಬಾಯಲ್ಲಿ ಹೇಳಿದರೆ ಮರೆತುಹೋಗುತ್ತದೆ. ಕೊಡುವ ಮುಂಚೆ ಅಕ್ಷರಗಳನ್ನೆಲ್ಲ ಪಾತ್‌ಗೆ (ಬರಿ ಗೆರೆಯ ಆಕಾರಕ್ಕೆ) ಬದಲಿಸಿ, ನಮ್ಮ ಕಂಪ್ಯೂಟರ್‌ನಲ್ಲಿ ನಿಮ್ಮ ಫಾಂಟ್ ಇರುವುದಿಲ್ಲ. ಮೂಲೆಯಲ್ಲಿ 100 ಮಿಲಿಮೀಟರ್‌ನ ಒಂದು ಗೆರೆ ಹಾಕಿಡಿ. ಫಿಟ್ ಟು ಪೇಜ್ ಅಂತ ಇದ್ದು ಪ್ರಿಂಟ್ ಹೊಡೆದರೆ ಅದು 97 ಆಗಿರುತ್ತದೆ, ಸ್ಕೇಲ್ ಇಟ್ಟ ಕೂಡಲೇ ಗೊತ್ತಾಗುತ್ತದೆ.

ಕಾಗದದ ಮೇಲೆ ತೆಗೆದ ಪ್ರಿಂಟ್ ಇಟ್ಟು ಕೊನೆಯ ತಾಳೆ ನೋಡಬೇಡಿ. ಈ ಮಳೆಯಲ್ಲಿ ಕಾಗದ ತೇವ ಕುಡಿದು ಒಂದು ದಿಕ್ಕಿಗೆ ಹಿಗ್ಗುತ್ತದೆ. ನಮ್ಮಲ್ಲಿ ಜುಲೈನಲ್ಲಿ ಎರಡು ಬಣ್ಣದ ಕೆಲಸ ಹಿಡಿಯಲು ಹೆದರುತ್ತೇವೆ. ಮೊದಲ ಬಣ್ಣ ಒಣಗುವುದರೊಳಗೆ ಹಾಳೆಯ ಅಳತೆ ಬೇರೆ. ಫಿಲ್ಮ್ ಮೇಲೇ ನೋಡಿ.

ಇನ್ನೊಂದು. ಹಳೆ ಗಾಜಿನ ಮೇಲೇ ಅಚ್ಚು ಹಾಕಿಸಬೇಡಿ. ಅದೇ ಅಳತೆಯ ಹೊಸ ಗಾಜು ಕತ್ತರಿಸಿ. ಉಳಿದ ಗೀರುಗಳಿರುವ ಹಳೆಯದನ್ನು ಕಾಗದದಲ್ಲಿ ಸುತ್ತಿ ಹಾಗೇ ಇಡಿ.

ತೋಟದಮನೆ (ವಿರಾಜಪೇಟೆ)

ತಡವಾಗಿ ಬರೆಯುತ್ತಿದ್ದೇನೆ. ಹೊಸ ಗಾಜು ಬಂತು. ಮೊದಲ ಅಚ್ಚಿನಲ್ಲಿ ಬಣ್ಣ ತೀರಾ ಬಿಳಿಯಾಗಿತ್ತು, ಹಳೆ ಗಾಜಿನ ಪಕ್ಕ ಇಟ್ಟರೆ ಹೊಂದಲಿಲ್ಲ. ಅಚ್ಚಿನವರು ಒಂದಿಷ್ಟು ಹಳದಿ, ಚಿಟಿಕೆ ಕಂದು ಸೇರಿಸಿ ಎರಡನೇ ಸಲ ಹಾಕಿದರು. ಒಣಗಲು ಮೂರು ದಿನ ಹಿಡಿಯಿತು, ಬಿಸಿಲು ಇರಲಿಲ್ಲ. ಒಲೆಯ ಮೇಲಿನ ಹಲಗೆಯಲ್ಲಿ, ಏಲಕ್ಕಿ ಒಣಗಿಸುವ ಜಾಗದಲ್ಲೇ ಇಟ್ಟಿದ್ದೆ.

ನಿನ್ನೆ ಸಂಜೆ ಗಾಜು ಕೂರಿಸಿ ಹಿಂದಿನ ಬಲ್ಬ್ ಹಚ್ಚಿದೆ. ಗೀರುಗಳು ಎಡದಿಂದ ಬಲಕ್ಕೆ ಒಂದರ ಹಿಂದೆ ಒಂದು ಹತ್ತಿರವಾಗುತ್ತಾ ಹೋಗುತ್ತವೆ. 900ರ ಹತ್ತಿರ ಹಳೆಯದು ಎಲ್ಲಿ ನಿಂತು ಲೆಕ್ಕದ್ದು ಎಲ್ಲಿ ಶುರುವಾಯಿತು ಅಂತ ನನಗೇ ಹುಡುಕಲಾಗಲಿಲ್ಲ. ಟ್ರಿಮ್ಮರ್ ಕಾಲು ಸುತ್ತು ತಿರುಗಿಸಿದ ಮೇಲೆ 1400 ಗೀರಿನ ಮೇಲೇ ಬಂತು.

ರಾತ್ರಿ ಎಂಟಕ್ಕೆ ಬೆಂಗಳೂರು ಹಿಡಿದೆ. ಮುಳ್ಳು 600 ಮತ್ತು 620ರ ಗೀರುಗಳ ನಡುವೆ, ಅರ್ಧಕ್ಕಿಂತ ಒಂದು ಎಳೆ ಬಲಕ್ಕೆ ನಿಂತಿದೆ. 612 ಇರಬೇಕಾದ್ದು ಅಲ್ಲೇ.

ಎಸ್‌ವಿಜಿ ಫೈಲ್, ಕೋನದ ಸ್ಪ್ರೆಡ್‌ಶೀಟ್, ಅಮ್ಮ ಅಂಕಿ ಓದಿದ ಗ್ರಾಫ್ ಹಾಳೆಯ ಸ್ಕ್ಯಾನ್ ಮೂರನ್ನೂ ಇಲ್ಲಿ ಹಾಕಿದ್ದೇನೆ. ಮೇಷ್ಟ್ರೇ, ಗಾಜನ್ನು ಮಕ್ಕಳಿಗೆ ತೋರಿಸಬೇಕು ಅಂದಿದ್ದಿರಿ. ಮಳೆ ಸ್ವಲ್ಪ ಕಡಿಮೆಯಾದ ಮೇಲೆ ಹಳೆ ಗಾಜು ತೆಗೆದುಕೊಂಡು ನಾನೇ ಸೋಮವಾರಪೇಟೆಗೆ ಬರುತ್ತೇನೆ.